ಹೆಗಲ ಸಿಪ್ಪೆ ಏಳುವುದೇಕೆ

ಲೋಕಕ್ಕೆ ಇನ್ನೂ ಹೊಸ ಬಟ್ಟೆಯ ವಾಸನೆ ಇದ್ದ ಕಾಲ. ಗಾಳಿ ಮಾತಾಡುತ್ತಿತ್ತು, ಹೊಳೆ ಎದುರುತ್ತರ ಕೊಡುತ್ತಿತ್ತು. ಸೂರ್ಯ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ದೊಡ್ಡವರಲ್ಲವೇ.

ಆಗಿನ ಒಬ್ಬ ಮನುಷ್ಯನ ಹೆಗಲ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳ ಊರೊಂದಿತ್ತು. ಮನೆಯೆಂದರೆ ಜೀವಕೋಶ. ಪ್ರತಿ ಮನೆಯಲ್ಲೂ ಒಂದು ಕಸೂತಿ ಪಟ್ಟಿ. ಈಗಿನವರು ಅದನ್ನು ಡಿಎನ್‌ಎ ಎನ್ನುತ್ತಾರೆ. ಮನೆ ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲವೂ ಆ ಹೊಲಿಗೆಯಲ್ಲಿತ್ತು. ಒಳ್ಳೆಯ ಕಸೂತಿಯಂತೆ ಅದಕ್ಕೂ ಗಂಟಿಲ್ಲ. ಹಿಂಬದಿ ನೋಡಿದರೆ ಮುಂಬದಿ ಹೇಳಬಹುದು. ಪಟ್ಟಿ ತಿದ್ದಲಾಗದಂತೆ ಕೆಟ್ಟರೆ ಮನೆಯನ್ನೇ ಕೆಡವಬೇಕು. ಅದು ಆ ಊರಿನ ರೀತಿ.

ಅಲ್ಲಿನ ಒಂದು ಮನೆಯಲ್ಲಿ ನಿಂಬೆವ್ವ ಇದ್ದಳು. ಸೂರ್ಯ ದಿನಾ ಬಂದು ಪಟ್ಟಿಯ ಒಂದೆರಡು ಎಳೆ ಸುಡುತ್ತಿದ್ದ. ನಿಂಬೆವ್ವ ಬೆರಳಾಡಿಸಿ ಉಬ್ಬಿದ ಜಾಗ ಹುಡುಕುವಳು, ಸುಟ್ಟದ್ದನ್ನು ಕತ್ತರಿಸುವಳು, ಪಟ್ಟಿ ತಿರುಗಿಸಿ ಹಿಂಬದಿ ನೋಡುವಳು, ಅದರಂತೆ ಹೊಲಿಯುವಳು. ಮರುದಿನ ಮತ್ತೆ ಹುಡುಕುವಳು, ಕತ್ತರಿಸುವಳು, ತಿರುಗಿಸುವಳು, ಹೊಲಿಯುವಳು. ತಿದ್ದಿದ್ದು ಕಾಣದಂತೆ ತಿದ್ದುತ್ತಿದ್ದಳಾದ್ದರಿಂದ, ತಪ್ಪೇ ಆಗುವುದಿಲ್ಲವೆಂದು ಊರಿಗೆ ಖಾತ್ರಿಯಾಯಿತು.

"ದಿನಾ ಒಳಗ ಕುಂತು ಏನ ಮಾಡ್ತೀಯವ್ವಾ?" ಎಂದು ಗಾಳಿ ಕಾಳಜಿಯಿಂದ ಕೇಳುತ್ತಿತ್ತು.

ಒಂದು ದಿನ ಸೂರ್ಯನಿಗೆ ಜನ ತನ್ನನ್ನು ಇನ್ನಷ್ಟು ಹೊತ್ತು ನೋಡಲಿ ಅನ್ನಿಸಿತು. ನಡುನೆತ್ತಿಯಲ್ಲೇ ನಿಂತ. ನಿಂಬೆವ್ವನ ಪಟ್ಟಿ, ನೆರೆಮನೆಯ ಗುರುಬಸವ್ವನ ಪಟ್ಟಿ, ಎರಡೂ ಹಿಂಬದಿ ಮುಂಬದಿ ಸೇರಿ ಆರಪಾರ ಸುಟ್ಟವು. ಅದೂ "ಸಾಕು, ಇನ್ನು ಬೆಳೆಯಬೇಡ" ಎಂಬ ಹೊಲಿಗೆಯಿದ್ದ ಜಾಗದಲ್ಲೇ.

ನಿಂಬೆವ್ವ ತಿರುಗಿಸಿದಳು. ತೂತು. ಮತ್ತೆ ತಿರುಗಿಸಿದಳು. ಅದೇ ತೂತು.

"ಒಂದ ಹೂವು ಹಾಕಿ ಮುಚ್ಚಿಬಿಡ," ಎಂದಳು ಗುರುಬಸವ್ವ, ಆಗಲೇ ಹೊಲಿಯುತ್ತ. "ಹಿಂದ ತಿರುಗಿಸಿ ಯಾರ ನೋಡ್ತಾರ?"

"ನಾ ನೋಡ್ತೀನಲ್ಲ."

"ಹಂಗಾದ್ರ ಕೆಡವಕೋ, ಹುಚ್ಚಿ!"

ನಿಂಬೆವ್ವನಿಗೆ ಆ ಮನೆಯ ಹೊರತು ಬೇರೇನಿರಲಿಲ್ಲ. ಸೂಜಿಗೆ ದಾರವನ್ನೇನೋ ಪೋಣಿಸಿದಳು. ತೂತಿನ ಅಂಚಿನವರೆಗೂ ತಂದಳು. ಆಮೇಲೆ ಸೂಜಿಯನ್ನು ತುರುಬಿಗೆ ಚುಚ್ಚಿಕೊಂಡು, ಎದ್ದು, ತೊಲೆಗೆ ಕೈ ಹಾಕಿದಳು.

"ನನ್ನ ಬೆಳಕಿನಾಗ ಇದೇನ ಅಪಶಕುನ? ನಾ ಏನ ಮಾಡೀನಿ?" ಎಂದು ಸೂರ್ಯ ನೊಂದು ಕೇಳಿದ.

"ಏನಿಲ್ರಿ ಯಪ್ಪಾ. ಒಂದೀಟ ಹೆಚ್ಚಿಗಿ ಬೆಳಗೀರಿ," ಎಂದು ನಿಂಬೆವ್ವ ತೊಲೆ ಎಳೆದಳು. ಮನೆ ಅವಳ ಮೇಲೆಯೇ ಬಿತ್ತು.

ಗುರುಬಸವ್ವನ ಹೂವು ಚೆಂದವಿತ್ತು. ಅವಳ ಮನೆ ಬೆಳೆಯಿತು, ಮಹಡಿಯ ಮೇಲೆ ಮಹಡಿ. ಅಕ್ಕಪಕ್ಕದವರ ಅನ್ನ ನೀರನ್ನೂ ಎಳೆದುಕೊಂಡು ಬೆಳೆಯಿತು. "ಏಳಿಗಿ ಅಂದ್ರ ಇದು!" ಎಂದು ಗಾಳಿ ಊರೆಲ್ಲ ಸಾರಿತು. ಊರು ಹಸಿವಿನಲ್ಲೇ ತಲೆದೂಗಿತು. ಆ ಹೆಗಲಿನ ಮನುಷ್ಯ ಹೆಚ್ಚು ಕಾಲ ಬದುಕಲಿಲ್ಲ.

ಅವನ ಮಕ್ಕಳು ಬದುಕಿದರು, ಅವರ ಹೆಗಲ ಮನೆಗಳಲ್ಲಿ ನಿಂಬೆವ್ವನಂಥವರೇ ಹೆಚ್ಚಿದ್ದುದರಿಂದ. ಅದಕ್ಕೇ ಮಗು, ಉರಿಬಿಸಿಲಲ್ಲಿ ಹೊಳೆಯಲ್ಲಿ ಈಜಿ ಬಂದ ಕೆಲವು ದಿನಕ್ಕೆ ನಿನ್ನ ಹೆಗಲ ಮೇಲೆ ತೆಳ್ಳನೆ ಸಿಪ್ಪೆ ಏಳುತ್ತದೆ; ಅವು ನಿಂಬೆವ್ವಂದಿರು ನಿನಗಾಗಿ ಕೆಡವಿಕೊಂಡ ಮನೆಗಳು, ನೀನು ಉಗುರಿನಿಂದ ಸುಲಿದು, ಉಫ್ ಎಂದು ಊದಿ, ಊಟಕ್ಕೆ ಹೋಗುತ್ತೀಯ.