ಸಭೆಗೆ ಬಂದ ಗುಳುಮುಳುಕ

ಕೆರೆಯ ಹಕ್ಕಿಗಳ ಸಭೆ ದಿನವೂ ಬೆಳಿಗ್ಗೆ ದಡದ ಅರಳಿಮರದ ಮೇಲೆ ಕೂಡುತ್ತಿತ್ತು. ತಾಯಿ ಗುಳುಮುಳುಕ ಹಕ್ಕಿ ಮಾತ್ರ ಬರುತ್ತಿರಲಿಲ್ಲ. ನೀರಿನಲ್ಲಿ ಮುಳುಗಿ ಮೀನು ಹಿಡಿದು ಮರಿಗಳ ಬಾಯಿಗಿಡುವ ಹೊತ್ತು ಅದು.

ಒಂದು ದಿನ ಮಿಂಚುಳ್ಳಿ ಸುದ್ದಿ ತಂದಿತು: "ಅಕ್ಕಾ, ನೀರಿಗಿಳಿಯಲು ಅಡ್ಡಿಯೆಂದು ಜೊಂಡನ್ನೆಲ್ಲ ಕೀಳಲು ಸಭೆ ಒಪ್ಪಿದೆ. ನಾಳೆಯಿಂದಲೇ ಕೆಲಸ."

ಗುಳುಮುಳುಕದ ಗೂಡಿದ್ದದ್ದು ಆ ಜೊಂಡಿನಲ್ಲೇ. ಸಭೆ ಮುಗಿಯುವ ಮೊದಲೇ ಮೂರು ಮರಿಗಳನ್ನೂ ಬೆನ್ನಿಗೇರಿಸಿಕೊಂಡು ಅರಳಿಮರದ ಬುಡಕ್ಕೆ ಈಜಿ ಬಂದು, ಮಾತಾಡಲು ಅವಕಾಶ ಕೇಳಿತು.

ಅಧ್ಯಕ್ಷ ಕೊಕ್ಕರೆ ಮೇಲಿನಿಂದಲೇ, "ಸಭೆಗೆ ಮರಿಗಳನ್ನು ತರುವಂತಿಲ್ಲ, ತಾಯಿ. ಮನೆಯಲ್ಲಿ ಬಿಟ್ಟು ಬಾ" ಎಂದಿತು.

"ಆಗಲಿ ಸ್ವಾಮಿ. ಆದರೆ ಮನೆಯನ್ನೇ ಕೀಳಲು ಹೊರಟಿದ್ದೀರಿ. ಯಾವ ಮನೆಯಲ್ಲಿ ಬಿಡಲಿ?"

"ಅಲ್ಲಿ ಗೂಡಿದೆಯೆಂದು ಯಾರೂ ಹೇಳಲಿಲ್ಲವಲ್ಲ" ಎಂದು ಕೊಕ್ಕರೆ ತಡವರಿಸಿತು.

"ಹೇಳಬೇಕಾದವಳು ಆ ಹೊತ್ತಿನಲ್ಲಿ ಮಕ್ಕಳಿಗೆ ಉಣಿಸುತ್ತಿದ್ದಳು, ಸ್ವಾಮಿ."

ಕೊಕ್ಕರೆ ಮರದಿಂದಿಳಿದು ದಡದ ನೀರಿನಲ್ಲಿ ನಿಂತಿತು. ಉಳಿದ ಹಕ್ಕಿಗಳೂ ಒಂದೊಂದಾಗಿ ಇಳಿದವು. ಜೊಂಡನ್ನು ಮುಟ್ಟಬಾರದೆಂದೂ, ಇನ್ನು ಮುಂದೆ ಸಭೆ ಮರಿಗಳ ಊಟವಾದ ಮೇಲೆ ದಡದಲ್ಲೇ ನಡೆಯಬೇಕೆಂದೂ ಎಲ್ಲವೂ ಒಪ್ಪಿದವು. ಅಷ್ಟರಲ್ಲಿ ಕಿರಿಯ ಮರಿ ತಾಯಿಯ ಬೆನ್ನಿನಿಂದ ಜಾರಿ ಕೊಕ್ಕರೆಯ ಕಾಲಿಗೊರಗಿ ನಿದ್ದೆಹೋಯಿತು. ಗುಳುಮುಳುಕ ಸಂಕೋಚದಿಂದ ಅದನ್ನು ಎಬ್ಬಿಸಲು ಹೋಯಿತು.

"ಇರಲಿ ಬಿಡಮ್ಮ, ನೀನು ಮಾತು ಮುಂದುವರಿಸು" ಎಂದ ಕೊಕ್ಕರೆ, ಸಭೆ ಮುಗಿಯುವವರೆಗೂ ಕಾಲು ಕದಲಿಸಲಿಲ್ಲ.