ಕುರೊಸೆ ಮನೆತನದ ಮುತ್ತಜ್ಜ ಕಾಳಗಕ್ಕೆ ಹೋದದ್ದು

"ಹಿನಾ ಹೊಳೆಯ ಕಾಳಗದಲ್ಲಿ ನಮ್ಮ ಮುತ್ತಜ್ಜ ಒಬ್ಬ ಸೇನಾಪತಿಯ ತಲೆ ಕಡಿದಿರಬೇಕು," ಎಂದ ಕುರೊಸೆಯ ದೊರೆ ಮಸತೊಕಿ.

"ಕಡಿದಿದ್ದಾರೆಯೇ?" ಎಂದು ಕೇಳಿದ ಆಸ್ಥಾನದ ಲಿಪಿಕಾರ ಗೆನ್ಸಾಯ್.

"ನೀನು ಬರೆದ ಮೇಲೆ ಗೊತ್ತಾಗುತ್ತದೆ."

ಜಪಾನಿನಲ್ಲಿ ಆಗ ಯುದ್ಧಗಳು ನಿಂತು ನೂರು ವರ್ಷವಾಗಿತ್ತು. ಕತ್ತಿಗಳಿಗೆ ಕೆಲಸವಿರಲಿಲ್ಲ. ಮುತ್ತಜ್ಜಂದಿರಿಗೆ ಮಾತ್ರ ಬಿಡುವಿರಲಿಲ್ಲ. ದೇಶವನ್ನಾಳುವ ಶೋಗನ್ನರ ಮುತ್ತಜ್ಜ ಗೆದ್ದ ಆ ಕಾಳಗದ ಕಥೆಯನ್ನು ಬರುವ ತಿಂಗಳು ಅವರ ಸಭೆಯಲ್ಲಿ ಹಾಡಿಸುವುದಿತ್ತು. ಪ್ರತಿ ಮನೆತನವೂ ಕಥೆಗೆ ತನ್ನದೊಂದು ಪುಟ ಕಳಿಸಬಹುದು. ಸಭೆಯಲ್ಲಿ ಯಾರೂ ಆಕ್ಷೇಪಿಸದಿದ್ದರೆ ಅದೇ ಇತಿಹಾಸ. ಕಥೆಯಲ್ಲಿ ಹೆಸರಿದ್ದವರಿಗೆ ಮುಂದಿನ ಸಾಲಿನ ಚಾಪೆ, ಇಲ್ಲದವರಿಗೆ ಬಾಗಿಲ ಪಕ್ಕದ್ದು. ಇಪ್ಪತ್ತು ವರ್ಷದಿಂದ ಮಸತೊಕಿಗೆ ಬಾಗಿಲ ಗಾಳಿಯೇ ಗತಿ.

"ಹತ್ತು ದಿನ ಕೊಟ್ಟಿದ್ದೇನೆ," ಎಂದ ದೊರೆ. "ಪುಟ ಬರದಿದ್ದರೆ ನಿನ್ನ ಬಲಗೈ ಕಡಿಸುತ್ತೇನೆ."

ಹತ್ತನೆಯ ದಿನ ಗೆನ್ಸಾಯ್ ಖಾಲಿ ಕಾಗದ ಹಿಡಿದು ಬಂದ.

"ಎಲ್ಲಿ ತಲೆ?"

"ಹುಡುಕಿದೆ ಪ್ರಭು. ಆ ದಿನ ಬಿದ್ದ ದೊಡ್ಡ ತಲೆಗಳು ಐದು. ಮೊದಲನೆಯದು ಸೇನಾಪತಿ ಒಕುದಾ ಅವರದು."

"ಅದನ್ನೇ ಕಡಿಸು."

"ಅವರ ಮರಿಮಗಳನ್ನು ತಾವು ಮದುವೆಯಾಗಿದ್ದೀರಿ."

ದೊರೆ ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಎರಡನೆಯದು?"

"ಅದು ನಮ್ಮ ನೆರೆಯ ದೊರೆಯ ಮುತ್ತಜ್ಜನದು. ಅವರ ಹತ್ತಿರ ಮೂರು ಸಾವಿರ ಸೈನಿಕರಿದ್ದಾರೆ."

"ಉಳಿದ ಮೂರು?"

"ಅವನ್ನು ಈಗಾಗಲೇ ಹನ್ನೊಂದು ಮನೆತನದವರು ಕಡಿದಾಗಿದೆ. ನಾವು ಸರದಿಯಲ್ಲಿ ನಿಲ್ಲಬೇಕು."

"ಹಾಗಾದರೆ ಕೈ ಚಾಚು."

ಗೆನ್ಸಾಯ್ ಚಾಚಿದ. "ಆದರೆ ಇನ್ನೊಂದು ತಲೆ ಇದೆ ಪ್ರಭು. ಅದು ಬಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ."

"ಯಾರದು?"

"ತಮ್ಮ ಮುತ್ತಜ್ಜನದು."

ದೊರೆಯ ಕೈ ಕತ್ತಿಗೆ ಹೋಯಿತು.

"ಕಡಿದವರು ಶೋಗನ್ನರ ಮುತ್ತಜ್ಜ," ಎಂದು ಗೆನ್ಸಾಯ್ ಮುಂದುವರಿಸಿದ. "ಇಂಥ ಧೀರನನ್ನು ಕಂಡಿಲ್ಲ ಎಂದು ಕಣ್ಣೀರಿಡುತ್ತಾ ಕಡಿದರು. ಶೋಗನ್ನರು ತಮ್ಮ ಮುತ್ತಜ್ಜ ಇನ್ನೊಬ್ಬ ಧೀರನನ್ನು ಗೆದ್ದದ್ದು ಬೇಡವೆಂದು ಹೇಳುತ್ತಾರೆಯೇ? ಅವರು ಹೌದೆಂದ ಮೇಲೆ ಅಲ್ಲವೆನ್ನಲು ಸಭೆಯಲ್ಲಿ ಯಾರಿದ್ದಾರೆ?"

ಕತ್ತಿ ಒರೆಯಲ್ಲೇ ಉಳಿಯಿತು. "ಅಲ್ಲಿ ಸತ್ತರೆ ನಮ್ಮ ವಂಶ?"

"ಹಿಂದಿನ ದಿನವೇ ಗಂಡುಮಗು ಹುಟ್ಟಿತ್ತು. ಅದರ ಮುಖವನ್ನೂ ನೋಡದೆ ಹೊರಟರು. ಇಲ್ಲಿ ಹಾಡುವವನು ಸ್ವಲ್ಪ ನಿಲ್ಲಿಸುತ್ತಾನೆ. ಸಭೆ ಅಳುತ್ತದೆ."

ದೊರೆಯ ಕಣ್ಣು ಒದ್ದೆಯಾಯಿತು. "ಎಷ್ಟು ಏಟಿಗೆ ಬಿದ್ದರು?"

"ಒಂದು."

"ಮೂರು ಮಾಡು."

"ಎರಡು. ಮೂರಾದರೆ ಶೋಗನ್ನರ ಮುತ್ತಜ್ಜನ ತೋಳಿಗೆ ಅವಮಾನ."

ಎರಡಕ್ಕೆ ಒಪ್ಪಂದವಾಯಿತು.

ಸಭೆ ಅತ್ತಿತು. ಶೋಗನ್ನರು ತಲೆದೂಗಿದರು. ಮುಂದಿನ ಸಾಲಿನಲ್ಲಿ ಕೂತು ಬಂದ ಮಸತೊಕಿ, ಗೆನ್ಸಾಯ್‌ಗೆ ರೇಷ್ಮೆಯ ನಿಲುವಂಗಿ ಹೊದಿಸಿ, ಹತ್ತಿರ ಕೂರಿಸಿಕೊಂಡ.

"ಈಗ ನಿಜ ಹೇಳು. ಆ ದಿನ ಅವರು ಏನು ಮಾಡಿದ್ದರು?"

"ಹಳೆಯ ಕಾಗದಗಳಲ್ಲಿ ಸಿಕ್ಕಿತು ಪ್ರಭು. ಮೊದಲ ಬಾಣ ಬಿದ್ದ ಕೂಡಲೇ ಕುದುರೆ ತಿರುಗಿಸಿ ನೇರ ಮನೆಗೆ ಬಂದರು. ಒಂಬತ್ತು ತಿಂಗಳಿಗೆ ತಮ್ಮ ಅಜ್ಜ ಹುಟ್ಟಿದರು."

ದೊರೆ ತೆರೆದ ಬಾಗಿಲ ಕಡೆ ನೋಡಿದ.

"ಈ ವಂಶಕ್ಕೆ ಅವರು ಮಾಡಿದ ಉಪಕಾರ ಅದೊಂದೇ," ಎಂದ ಗೆನ್ಸಾಯ್. "ಅದನ್ನು ಮಾತ್ರ ಬರೆದಿಲ್ಲ."

ಮಸತೊಕಿ ಮೊದಲು ಬಾಗಿಲು ಹಾಕಿಸಿದ. ಆಮೇಲೆ ನಕ್ಕ.