ನೀಲಯ್ಯನ ಗುಡ್ಡ

ಹಾಲಗುಂದಿಯ ಬಸ್ ನಿಲ್ದಾಣದಲ್ಲಿ ಇಳಿದು ಪಡುವಣ ದಿಕ್ಕಿಗೆ ನೋಡಿದರೆ ಎರೆಹೊಲಗಳ ನಡುವೆ ಒಂಟಿಯಾಗಿ ನಿಂತ ಗುಡ್ಡವೊಂದು ಕಾಣುತ್ತದೆ. ಬಹಳ ಎತ್ತರದ್ದೇನಲ್ಲ, ಮೊಣಕಾಲು ಗಟ್ಟಿಯಿದ್ದವರು ಎಲ್ಲಿಯೂ ಕೂರದೆ ಹತ್ತಿಬಿಡಬಹುದು. ನೆತ್ತಿಯ ಮೇಲೆ ಕೆಂಪು ಹೆಂಚಿನ ಉದ್ದನೆಯ ಕಟ್ಟಡ, ಅದರ ಬದಿಗೆ ಪುಟ್ಟ ಗಂಟೆಗೋಪುರ, ಸುತ್ತ ಬೇವಿನ ಮರಗಳು. ಬುಡದಲ್ಲಿ ಪಂಚಾಯಿತಿಯವರು ನೆಟ್ಟ ಫಲಕದ ಮೇಲೆ ‘ನೀಲಯ್ಯನ ಗುಡ್ಡ’ ಎಂದು ಬರೆದಿದೆ. ಹೊಸದಾಗಿ ಬಂದವರು ಇಲ್ಲಿ ಹಿಂದೆ ನೀಲಕಂಠನ ಗುಡಿಯಿದ್ದಿರಬೇಕು ಎಂದುಕೊಳ್ಳುತ್ತಾರೆ. ಶ್ರಾವಣದ ಮೋಡದ ಕೆಳಗೆ ಗುಡ್ಡ ನೀಲಿಯಾಗಿ ಕಾಣುವುದರಿಂದ ಈ ಹೆಸರು ಎಂದು ವಾದಿಸುವವರೂ ಇದ್ದಾರೆ. ಇವೆರಡೂ ಅಲ್ಲ. ಹಾಲಗುಂದಿಯ ಹಿರಿಯರು ಹೇಳುತ್ತ ಬಂದಿರುವ ಸಂಗತಿಯೇ ಬೇರೆ. ಅದು ಸಮುದ್ರ ದಾಟಿ ಬಂದ ಒಬ್ಬ ಪರದೇಶಿಯ ಕಥೆ.

ರಾಣಿಯ ಸರ್ಕಾರದ ಕೊನೆಯ ದಿನಗಳವರೆಗೂ ಇದು ಬರಿಯ ಬೋಳಗುಡ್ಡ. ಕುರಿ ಕಾಯುವವರ ಹೊರತು ಯಾರೂ ಹತ್ತುತ್ತಿರಲಿಲ್ಲ. ಆ ಕಾಲಕ್ಕೆ ನೀಲ್ಸ್ ಥೋರುಪ್ ಎಂಬ ಲೂಥರನ್ ಪಾದ್ರಿ ಈ ಊರಿಗೆ ಬಂದರು. ಅವರು ಇಂಗ್ಲಿಷರಲ್ಲ, ಡೆನ್ಮಾರ್ಕ್ ಎಂಬ ಚಿಕ್ಕ ದೇಶದ ಮೀನುಗಾರರ ಮನೆತನದವರು. ಅವರ ಸೀಮೆಯಲ್ಲಿ ಗುಡ್ಡಗಳೇ ಇಲ್ಲವಂತೆ. ಅಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು ಚರ್ಚಿನ ಛಾವಣಿ. ಹೀಗಾಗಿ ಬೋಳಗುಡ್ಡವನ್ನು ಕಂಡ ದಿನವೇ ಅವರು ಅದರ ನೆತ್ತಿಗೆ ಹೋಗಿ ಸಂಜೆಯವರೆಗೂ ಕುಳಿತಿದ್ದರು ಎನ್ನುತ್ತಾರೆ. ಕನ್ನಡವನ್ನು ಅವರು ಕಲಿತದ್ದು ನೇಕಾರರ ಓಣಿಯಲ್ಲಿ, ಮಗ್ಗದ ಪಕ್ಕದಲ್ಲಿ ಕುಳಿತು. ಲಕಾರ ಳಕಾರಗಳ ಭೇದ ಅವರ ನಾಲಿಗೆಗೆ ಬಹುಕಾಲ ಒಗ್ಗಲಿಲ್ಲ. ಒಮ್ಮೆ ಓಣಿಯ ಜನರೆಲ್ಲ ಸೇರಿದ್ದಾಗ, “ಈ ಹಲ್ಲಿ ನನಗ ಭಾಳ ಸೇರೇತಿ” ಎಂದರು. ನೂಲು ಸುತ್ತುತ್ತಿದ್ದ ಗುರುಬಸವ್ವನೆಂಬ ವಿಧವೆ ತಲೆಯೆತ್ತದೆಯೇ, “ಯಾವ ಹಲ್ಲಿ ತಮ್ಮಾ, ಗ್ವಾಡಿ ಮ್ಯಾಲಿಂದೇನ?” ಎಂದು ಕೇಳಿದಳು. ಓಣಿಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಪಾದ್ರಿಯೇ.

ಅವರ ಮನಸ್ಸಿನಲ್ಲಿ ಒಂದು ದೊಡ್ಡ ಹಂಬಲವಿತ್ತು. ಆಗೆಲ್ಲ ಕ್ರೈಸ್ತ ಸಭೆಗಳನ್ನು ನಡೆಸುವ ಸಭಾಪಾಲಕರಾಗುತ್ತಿದ್ದವರು ಹೊರದೇಶದ ಬಿಳಿಯರು ಮಾತ್ರ. ಈ ನೆಲದ ಕ್ರೈಸ್ತರು ಎಷ್ಟೇ ಓದಿದರೂ ಉಪದೇಶಿಗಳೆನಿಸಿ, ಪಾದ್ರಿಗಳ ಬೆನ್ನ ಹಿಂದೆ ನಡೆಯಬೇಕಿತ್ತು. ಇದು ನೀಲ್ಸರಿಗೆ ಸಮ್ಮತವಿರಲಿಲ್ಲ. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಬೈಬಲಿನ ಪಾಠ ಹೇಳಿ ಅವರನ್ನೇ ಸಭಾಪಾಲಕರನ್ನಾಗಿ ಮಾಡಬೇಕು ಎಂದು ಅವರು ಬೋಳಗುಡ್ಡದ ಮೇಲೆ ಸೆಮಿನರಿಯೊಂದನ್ನು ತೆರೆದರು. ಊರವರು ಅದನ್ನು ಪಾದ್ರಿಸಾಲಿ ಎಂದರು. ಕಲ್ಲಿನ ಎರಡು ಕೋಣೆ, ಹುಲ್ಲಿನ ಒಂದು ಚಪ್ಪರ, ಅಷ್ಟೇ. ನೇಕಾರರ ಮನೆಯ ಯೋಹಾನ, ಸಮಗಾರರ ಕೇರಿಯ ಸತ್ಯಪ್ಪ ಮೊದಲಾದ ಕೆಲವು ತರುಣರು ಬಂದು ಸೇರಿದರು. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದರು. ಇದು ಊರಿಗೆ ಸಹ್ಯವಾಗಲಿಲ್ಲ. ಊರ ಮುಖ್ಯಸ್ಥರಾದ ಫಕ್ಕೀರಗೌಡರು ಊರಬಾವಿಯ ನೀರನ್ನು ಸಾಲಿಯ ಹುಡುಗರಿಗೆ ಕೊಡಕೂಡದೆಂದು ಕಟ್ಟಪ್ಪಣೆ ಮಾಡಿದರು. ಹುಡುಗರು ದೂರದ ಹಳ್ಳದಿಂದ ನೀರು ಹೊತ್ತು ತಂದು ಓದಿದರು. ಅತ್ತ ನೀಲ್ಸರನ್ನು ಕಳಿಸಿದ, ಕರಾವಳಿಯ ಬಂದರಿನಲ್ಲಿದ್ದ ಮಿಶನ್ನಿನ ಹಿರಿಯರಿಗೂ ಈ ಸಾಲಿ ಮೆಚ್ಚುಗೆಯಾಗಲಿಲ್ಲ. ಇಲ್ಲಿಯವರು ಸಭಾಪಾಲಕರ ದೀಕ್ಷೆಗೆ ಇನ್ನೂ ಹಣ್ಣಾಗಿಲ್ಲ ಎಂಬುದೇ ಅವರ ಅಭಿಪ್ರಾಯ.

ಹೀಗಿರುವಾಗ ಒಂದು ಆಷಾಢದಲ್ಲಿ ಹಾಲಗುಂದಿಯ ಮನೆಗಳಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಪ್ಲೇಗು ಬಂತೆಂದು ತಿಳಿದ ಜನ ಮನೆಗಳಿಗೆ ಕದವಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆದರೆ ಆ ವರ್ಷದ ಮಳೆ ವಿಪರೀತವಾಗಿತ್ತು. ಎರೆಮಣ್ಣು ಕೆಸರಾಗಿ ಗುಡಿಸಲುಗಳು ಕುಸಿದವು. ಜಡ್ಡಾದವರು ನೀರಿನಲ್ಲೇ ಮಲಗುವಂತಾಯಿತು. ಬಂದರಿನಿಂದ ಹಿರಿಯರ ಆಜ್ಞೆ ಬಂತು: ಸಾಲಿಯನ್ನು ಮುಚ್ಚಿ ಎಲ್ಲರೂ ಕೂಡಲೇ ಹೊರಟು ಬರತಕ್ಕದ್ದು. ನೀಲ್ಸರು ವಿದ್ಯಾರ್ಥಿಗಳನ್ನು ಕೂಡಿಸಿ, ಹೋಗುವವರು ಸಂಕೋಚವಿಲ್ಲದೆ ಹೋಗಬಹುದೆಂದರು. “ನೀವು?” ಎಂದು ಯೋಹಾನ ಕೇಳಿದ. “ನಾ ಎಲ್ಲಿಗೆ ಹೋಗಲಿ? ನನ್ನ ಊರು ಇದ ಅಲ್ಲೇನು” ಎಂದರು ನೀಲ್ಸರು. ಕೆಲವರು ಹೋದರು. ಯೋಹಾನ, ಸತ್ಯಪ್ಪ ಮತ್ತು ಇನ್ನು ಕೆಲವರು ಉಳಿದರು. ಅಂದೇ ಅವರು ಪಾಠದ ಬೆಂಚುಗಳನ್ನು ಹೊರಗಿಟ್ಟು, ಕೋಣೆಗಳ ನೆಲಕ್ಕೆ ಹುಲ್ಲು ಹಾಸಿ, ಹೊಲಗಳಿಗೆ ಇಳಿದು ಜನರನ್ನು ಕರೆದರು.

ಮೊದಮೊದಲು ಯಾರೂ ಬರಲಿಲ್ಲ. ಗುರುಬಸವ್ವ ಮಾತ್ರ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುಡ್ಡದ ಅರ್ಧದವರೆಗೆ ಬಂದು ನಿಂತಳು. “ಇದಕ್ಕ ಬದಲಿ ನಮ್ಮನ್ನ ನಿಮ್ಮ ಮತಕ್ಕ ಸೇರಸ್ತೀಯೇನು ತಮ್ಮಾ?” ಎಂದು ಕೇಳಿದಳು. ನೀಲ್ಸರು, “ಮಳಿ ಬರಾಕತ್ತೇತಿ ಯವ್ವಾ, ಮೊದಲ ಒಳಗ ಬಾ. ಒಲಿ ನಿಮ್ಮದು, ಸೂರು ನಮ್ಮದು” ಎಂದರು. ಅವಳು ಒಳಗೆ ಬಂದಳು. ಅವಳ ಹಿಂದೆ ನೇಕಾರರ ಓಣಿಯೇ ಬಂತು. ಬೇರೆ ಬೇರೆ ಕೇರಿಯವರು ಬೇರೆ ಬೇರೆ ಒಲೆ ಹೂಡಿಕೊಂಡರು. ಯಾರೂ ಯಾರನ್ನೂ ತಡೆಯಲಿಲ್ಲ. ಸಾಲಿಯವರು ಮಾತ್ರ ಹೆಂಗಸರು ಮಕ್ಕಳಿಗೆ ಕೋಣೆಗಳನ್ನು ಬಿಟ್ಟುಕೊಟ್ಟು ತಾವು ಗೋಣಿ ಹೊದ್ದು ಹೊರಗಿನ ಬಂಡೆಯ ಮರೆಯಲ್ಲಿ ಮಲಗಿದರು.

ಕೊನೆಗೆ ಒಂದು ಮುಂಜಾನೆ ಫಕ್ಕೀರಗೌಡರೇ ಗುಡ್ಡದ ಬುಡಕ್ಕೆ ಬಂದರು. ಅವರ ತಾಯಿ ಹೊಲದ ಗುಡಿಸಲಿನಲ್ಲಿ ಜ್ವರ ಬಂದು ಬಿದ್ದಿದ್ದರು. ಆಳುಗಳೆಲ್ಲ ಹೆದರಿ ಓಡಿಹೋಗಿದ್ದರು. ಗೌಡರು ನೆಲ ನೋಡುತ್ತ, “ನಿಮ್ಮ ಹುಡುಗರಿಗೆ ನೀರ ಸಹಿತ ಕೊಡಲಿಲ್ಲ ನಾನು. ಈಗ ಯಾವ ಬಾಯಿಲೆ ಕೇಳಲಿ?” ಎಂದರು. “ಬಾಯಿಲೆ ಏನೂ ಕೇಳಬ್ಯಾಡ್ರಿ ಗೌಡರ. ಅವ್ವನ ಹೊರಸು ಈ ಕಡೆ ನೀವು ಹಿಡೀರಿ, ಆ ಕಡೆ ನಾ ಹಿಡೀತೀನಿ” ಎಂದು ನೀಲ್ಸರು ಕೆಸರಿಗೆ ಇಳಿದೇಬಿಟ್ಟರು. ಗುಡ್ಡಕ್ಕೆ ಹೊತ್ತು ತಂದ ಆ ಮುದುಕಿಯನ್ನು ಹಗಲಿರುಳು ಆರೈಕೆ ಮಾಡಿದವನು ಸತ್ಯಪ್ಪ. ಗಂಜಿ ಕುಡಿಸಿದ, ಪ್ಲೇಗಿನ ಗಂಟಿಗೆ ಬಿಸಿಬಟ್ಟೆಯಿಟ್ಟ, ಸನ್ನಿ ಹಿಡಿದು ಬಡಬಡಿಸುವಾಗ ಮಗನಂತೆ ಓಗೊಟ್ಟ. ಮುದುಕಿ ಬದುಕಿಕೊಂಡಳು. ಆದರೆ ಅವಳು ಎದ್ದು ಕುಳಿತ ವಾರದಲ್ಲೇ ಸತ್ಯಪ್ಪ ಮಲಗಿದ, ಮತ್ತೆ ಏಳಲಿಲ್ಲ. ಹೆಣ ಎತ್ತುವ ಹೊತ್ತಿಗೆ ಗೌಡರು ಗುಂಪನ್ನು ಸರಿಸಿಕೊಂಡು ಮುಂದೆ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ಸಮಗಾರರ ಹುಡುಗನ ಹೆಣಕ್ಕೆ ಗೌಡ ಹೆಗಲು ಕೊಟ್ಟದ್ದನ್ನು ಹಾಲಗುಂದಿ ಹಿಂದೆ ಎಂದೂ ಕಂಡಿರಲಿಲ್ಲ.  ಅಂದಿನಿಂದ ಊರಬಾವಿಯ ನೀರು ಗೌಡರದೇ ಬಂಡಿಯಲ್ಲಿ ಗುಡ್ಡಕ್ಕೆ ಏರಿತು. ಅಂದಿನಿಂದಲೇ ಜನ ನೀಲ್ಸ್ ಸಾಹೇಬ ಎನ್ನುವುದನ್ನು ಬಿಟ್ಟು, ತಮ್ಮ ಮಠದ ಸ್ವಾಮಿಗಳನ್ನು ಕರೆಯುವ ಹಾಗೆ ‘ನೀಲಯ್ಯ’ ಎಂದು ಕರೆಯತೊಡಗಿದರಂತೆ.

ಸುಗ್ಗಿಯ ಹೊತ್ತಿಗೆ ಬೇನೆ ಅಡಗಿತು. ಜನ ಮನೆಗಳಿಗೆ ಮರಳಿದರು. ಆಗ ಬಂದರಿನಿಂದ ಮಿಶನ್ನಿನ ಮೇಲ್ವಿಚಾರಕರು ಬಂಡಿಗಳನ್ನು ಕಟ್ಟಿಸಿಕೊಂಡು ಬಂದರು. ಆಜ್ಞೆ ಮೀರಿದ ಸಾಲಿಯ ಬೆಂಚು ಪುಸ್ತಕಗಳನ್ನು ಹೇರಿಕೊಂಡು ಹೋಗುವುದೇ ಅವರ ಉದ್ದೇಶ. ಅವರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಗುಡ್ಡದ ದಾರಿಯಲ್ಲಿ ಊರಿಗೆ ಊರೇ ನಿಂತಿರುವುದನ್ನು ಕಂಡು ಅವರು, “ಇವರೆಲ್ಲ ನಿಮ್ಮ ಸಭೆಯವರೋ?” ಎಂದು ನೀಲ್ಸರನ್ನು ಕೇಳಿದರು. “ಅಲ್ಲ, ನೆರೆಯವರು” ಎಂದರು ನೀಲ್ಸರು. ಫಕ್ಕೀರಗೌಡರು ಬಂಡಿಯ ನೊಗ ಹಿಡಿದು, “ಸಾಲಿ ಒಯ್ಯೂದಾದ್ರ ಗುಡ್ಡಾನೂ ಹೇರಿಕೊಂಡ ಹೋಗ್ರಿ. ಗುಡ್ಡಾ ಬಿಟ್ಟು ಬರೇ ಸಾಲಿ ನಾವು ಕೊಡಾಂಗಿಲ್ಲ” ಎಂದರು. ನೀಲ್ಸರು ಅದನ್ನು ಒಂದಕ್ಷರ ಬಿಡದೆ ಮೇಲ್ವಿಚಾರಕರಿಗೆ ಅವರ ಭಾಷೆಯಲ್ಲಿ ತಿಳಿಸಿದರು. ಮೇಲ್ವಿಚಾರಕರು ಯೋಹಾನನ ಕಡೆ ತಿರುಗಿ, ಸಾಯುವವರ ಬಳಿ ಕುಳಿತು, ದೀಕ್ಷೆಯಾಗದೆಯೇ ಸಭಾಪಾಲಕರ ಪ್ರಾರ್ಥನೆ ಹೇಳಲು ಅಪ್ಪಣೆ ಕೊಟ್ಟವರು ಯಾರು ಎಂದು ನೀಲ್ಸರ ಮೂಲಕವೇ ಕೇಳಿದರು. “ಯಾರೂ ಕೊಡಲಿಲ್ಲರಿ,” ಎಂದ ಯೋಹಾನ, “ಸಾಯೋರು ಅಪ್ಪಣೆ ಬರೂತನಕ ಕಾಯಾಂಗಿಲ್ಲ.”

ಮೇಲ್ವಿಚಾರಕರು ಸತ್ಯಪ್ಪನ ಸಮಾಧಿಯವರೆಗೆ ಒಬ್ಬರೇ ನಡೆದುಹೋಗಿ, ಟೊಪ್ಪಿಗೆ ತೆಗೆದು ಬಹಳ ಹೊತ್ತು ನಿಂತರು. ಅಷ್ಟರಲ್ಲಿ ಗುರುಬಸವ್ವ ಅವರಿಗೂ ಬಂಡಿಯವರಿಗೂ ಜೋಳದ ರೊಟ್ಟಿ ತಂದಿಟ್ಟಳು. ಮರಳಿ ಬಂದ ಮೇಲೆ ಅವರು ನೀಲ್ಸರಿಗೆ, “ನಿಮ್ಮ ಹುಡುಗರಿಗೆ ಈ ಜನ ದೀಕ್ಷೆಯನ್ನು ಆಗಲೇ ಕೊಟ್ಟುಬಿಟ್ಟಿದ್ದಾರೆ. ನಾನು ತಲೆಯ ಮೇಲೆ ಕೈಯಿಡುವುದಷ್ಟೇ ಉಳಿದಿದೆ” ಎಂದರು. ಬಂಡಿಗಳು ಬರಿದಾಗಿಯೇ ಕೆಳಗಿಳಿದವು.

ಯುಗಾದಿ ಕಳೆದ ಮೊದಲ ಭಾನುವಾರ, ಗುಡ್ಡದ ಬಯಲಿನಲ್ಲಿ, ಯೋಹಾನ ಮತ್ತು ಅವನ ಜೊತೆಗಾರರು ಮೊಣಕಾಲೂರಿ ಕುಳಿತು ಸಭಾಪಾಲಕರಾಗಿ ಎದ್ದರು. ಪ್ರತಿಜ್ಞೆಯನ್ನು ಕನ್ನಡದಲ್ಲಿ ಕೇಳಲಾಯಿತು, ಕನ್ನಡದಲ್ಲಿ ಉತ್ತರಿಸಲಾಯಿತು. ಕೇಳಿದವರು ನೀಲಯ್ಯನವರು. ಲಕಾರ ಳಕಾರಗಳಲ್ಲಿ ಅಂದು ಒಂದೂ ತಪ್ಪಲಿಲ್ಲವೆಂದು ಓಣಿಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಊರ ಭಜನೆಯವರು ದಿಮ್ಮು ತಾಳ ಹಿಡಿದು ಬಂದಿದ್ದರು. ಮಸೀದಿಯ ಓಣಿಯವರು ಶರಬತ್ತು ಹಂಚಿದರು. ಯೋಹಾನನ ತಾಯಿ ತಾನೇ ನೇಯ್ದ ಬಿಳಿಯ ಶಾಲನ್ನು ಮಗನಿಗೆ ಹೊದಿಸಿ, ಮತ್ತೊಂದನ್ನು ನೀಲಯ್ಯನವರಿಗೆ ಹೊದಿಸಿದಳು. ಅವರು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಎಲ್ಲರೆದುರೇ ಅತ್ತರಂತೆ.

ಆಮೇಲೆ ಅವರು ತಮ್ಮ ದೇಶಕ್ಕೆ ಹೋಗಲೇ ಇಲ್ಲ. ಅವರ ಶಿಷ್ಯರು ಕೃಷ್ಣೆಯ ದಡದಿಂದ ತುಂಗಭದ್ರೆಯ ದಡದವರೆಗೆ ಸಭೆಗಳನ್ನು ಕಟ್ಟಿದರು, ಶಾಲೆಗಳನ್ನು ತೆರೆದರು. ನೀಲಯ್ಯನವರು ತೀರಿಕೊಂಡ ಕೆಲವು ವರ್ಷಗಳಿಗೆ ಜಮೀನು ಅಳೆಯುವ ಮೋಜಣಿಯ ಅಧಿಕಾರಿಗಳು ಸರಪಳಿ ಹಿಡಿದು ಬಂದು ಗುಡ್ಡದ ಹೆಸರೇನೆಂದು ವಿಚಾರಿಸಿದರು. ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದವರಲ್ಲಿ ಬೋಳಗುಡ್ಡ ಎಂದವರು ಒಬ್ಬರೂ ಇರಲಿಲ್ಲ. “ನೀಲಯ್ಯನ ಗುಡ್ಡ” ಎಂದರು ಎಲ್ಲರೂ. ಸರ್ಕಾರದ ನಕಾಶೆಯಲ್ಲಿಯೂ ಅದೇ ನಿಂತಿತು.

ಇಂದು ಗುಡ್ಡ ಹತ್ತಿದವರು ಆ ಉದ್ದನೆಯ ಕಟ್ಟಡದ ಗೋಡೆಗಳನ್ನು ನೋಡಿ ಬೆರಗಾಗುತ್ತಾರೆ. ಒಂದೆಡೆ ಕರಿಯ ಕಲ್ಲು, ಒಂದೆಡೆ ಕೆಂಪು, ಒಂದೆಡೆ ಬೂದು. ದೀಕ್ಷೆಯಾದ ಬೇಸಗೆಯಲ್ಲಿ ಒಂದೊಂದು ಕೇರಿಯವರು ತಮ್ಮ ತಮ್ಮ ಪಾಲಿನ ಕಲ್ಲನ್ನು ತಾವೇ ಹೊತ್ತು ತಂದು ಕಟ್ಟಿದ ಗೋಡೆಗಳು ಅವು ಎನ್ನುತ್ತಾರೆ. ಹೆಬ್ಬಾಗಿಲಿನ ತೇಗದ ಚೌಕಟ್ಟು ಗೌಡರ ವಾಡೆಯದು. ಅದರ ನೆತ್ತಿಯ ಮೇಲೆ ಕಮಲವಿದೆ, ಕಮಲದ ಮೇಲೆ ಪುಟ್ಟ ಬಸವಣ್ಣನಿದ್ದಾನೆ. ಪಾದ್ರಿಸಾಲಿಯ ಬಾಗಿಲಿಗೆ ಇದು ತರವಲ್ಲ, ಕೆತ್ತಿ ತೆಗೆಯಬೇಕೆಂದು ಯಾರೋ ಸೂಚಿಸಿದಾಗ ನೀಲಯ್ಯನವರು, “ಬಸವಣ್ಣ ಗೌಡರ ಮನಿ ಕಾಯ್ದಾನ, ನಮ್ಮ ಸಾಲೀನೂ ಕಾಯಲಿ ಬಿಡ್ರಿ” ಎಂದರೆಂದು ಹೇಳುತ್ತಾರೆ. ಪ್ರತಿ ವರ್ಷ ಯುಗಾದಿಯ ನಂತರದ ಭಾನುವಾರ, ಬಿಳಿಯ ಶಾಲು ಹೊದ್ದ ಹೊಸ ಸಭಾಪಾಲಕರು, ಈಗ ಹೆಣ್ಣುಮಕ್ಕಳೂ ಸೇರಿ, ಆ ಬಸವಣ್ಣನ ಕೆಳಗೆ ಹಾದು, ಕನ್ನಡದ ಕೀರ್ತನೆ ಹಾಡುತ್ತ ಬಿಸಿಲಿಗೆ ಬರುತ್ತಾರೆ. ಅವರ ದನಿ ಕೆಳಗಿನ ಬಸ್ ನಿಲ್ದಾಣದವರೆಗೂ ಕೇಳಿಸುತ್ತದೆ.